ಬಿರಾಜದಾರ ಸರ್ ಮತ್ತು ಹಸಿರು ಆಕಾಶ

ಆಕಾಶಕ್ಕೆ ನೀಲಿ ಬಳಿದ ಹುಡುಗನನ್ನು ಬಿರಾಜದಾರ ಸರ್ ಹೊಡೆಯುತ್ತಿರಲಿಲ್ಲ. ಅವನ ಪಕ್ಕದಲ್ಲಿ ಕೂತು ದೊಡ್ಡದೊಂದು ನಿಟ್ಟುಸಿರು ಬಿಡುತ್ತಿದ್ದರು. ಛಡಿ ಏಟಾದರೂ ವಾಸಿ ಎನಿಸುತ್ತಿತ್ತು.

"ನೀಲಿ ಅಂತ ನಿನಗ ಯಾರ ಹೇಳ್ಯಾರೋ ತಮ್ಮಾ? ನೋಡಿ ಬಳದಿಯೋ, ಕೇಳಿ ಬಳದಿಯೋ?"

ಅಕ್ಕಲಕೋಟದ ನಮ್ಮ ಕನ್ನಡ ಶಾಲೆಯಲ್ಲಿ ಅವರು ಚಿತ್ರಕಲೆಯ ಶಿಕ್ಷಕರು. ಇಸ್ತ್ರಿ ಕಾಣದ ನೆಹರು ಶರ್ಟು, ಬಣ್ಣ ಒರೆಸಿ ಒರೆಸಿ ಬಿರುಸಾದ ಕರವಸ್ತ್ರ. ಅವರ ಕೋಣೆಯ ಗೋಡೆಗೆ, ಅವರು ಶಾಲೆಗೆ ಸೇರುವ ಮುಂಚೆಯೇ ಯಾರೋ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಚೌಕಟ್ಟು ಹಾಕಿಸಿದ ಪರದೇಶದ ಚಿತ್ರವೊಂದಿತ್ತು: ಹುಲ್ಲಿನ ಹೊರೆ ಹೊತ್ತ ಹೆಂಗಸು, ಅವಳ ಹಿಂದೆ ಹಸಿರು ಆಕಾಶ. ವರ್ಷದ ಮೊದಲ ಪಾಠ ಅದರ ಮುಂದೆಯೇ ಆಗಬೇಕು.

"ಜಗತ್ತೆಲ್ಲಾ ನೀಲಿ ಅಂದ್ರೂ ಈ ಮನಷ್ಯಾ ತನ್ನ ಕಣ್ಣ ನಂಬ್ಯಾನ. ಹಿಂಥಾ ಹಿಂಮತ್ ಬೇಕು."

ಪಾಠ ಮುಗಿದ ಸಂಜೆ ನಮ್ಮನ್ನು ಮೈದಾನದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಆಕಾಶದಲ್ಲಿ ಹಸಿರು ಕಾಣುವ ತನಕ ಯಾರೂ ಮನೆಗೆ ಹೋಗುವಂತಿಲ್ಲ. ಹಸಿದವರಿಗೆ ಬೇಗ ಕಾಣುತ್ತಿತ್ತು. ನನಗೂ ಮೊದಮೊದಲು ಹಸಿವಿನಿಂದಲೇ ಕಂಡದ್ದು. ಆಮೇಲೊಂದು ದಿನ ನಿಜವಾಗಿಯೂ ಕಂಡಿತು. ಕೆಂಪು ಮುಗಿದು ಕತ್ತಲಾಗುವ ಮುಂಚೆ, ತೆಳ್ಳಗೆ. ಯಾರಿಗೂ ಹೇಳದೆ ಮನೆಗೆ ಹೋದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಸೊಲ್ಲಾಪುರದಲ್ಲಿ ನಾಲ್ಕು ಕಂಪ್ಯೂಟರಿನ ಇಂಟರ್ನೆಟ್ ಅಂಗಡಿ ಇಟ್ಟಿದ್ದೆ. ಟೆಲಿಫೋನ್ ಲೈನು ಹತ್ತುವುದು, ಕಡಿಯುವುದು, ಗಿರಾಕಿ ಗೊಣಗುವುದು, ನಾನು ಮತ್ತೆ ಡಯಲ್ ಮಾಡುವುದು. ಸಾಕುಸಾಕಾಗಿತ್ತು. ಅಂಥದ್ದೇ ಒಂದು ಮಧ್ಯಾಹ್ನ ಸರ್ ಒಳಗೆ ಬಂದರು. ನಿವೃತ್ತರಾಗಿದ್ದರು, ಇಳಿದುಹೋಗಿದ್ದರು. ಎಸ್ಟಿ ಬಸ್ಸಿನ ಧೂಳನ್ನು ಹುಬ್ಬಿನಿಂದ ಒರೆಸಿಕೊಳ್ಳುತ್ತ ಹೇಳಿದರು:

"ಪರದೇಶದ ಮ್ಯೂಸಿಯಂ ಎಲ್ಲಾ ಇದರಾಗ ಬರ್ತಾವಂತಲ್ಲೋ. ನಮ್ಮ ಚಿತ್ರ ತಗಿ ನೋಡೂಣು. ಛಾಪಖಾನಿಯಾಂವ ಆ ಹಸರ ಎಷ್ಟ ಕೆಡಿಸ್ಯಾನೋ ಏನೋ. ಅಸಲಿ ಒಮ್ಮಿ ನೋಡಬೇಕು."

ಚಿತ್ರಕಾರನ ಹೆಸರು ಅವರಿಗೆ ಬಾಯಿಪಾಠ. ಹುಡುಕಿ ತೆಗೆದೆ. ಆಗ ಚಿತ್ರಗಳು ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿದು ಬರುತ್ತಿದ್ದವು. ಮೊದಲು ಬಂದದ್ದೇ ಆಕಾಶ. ನೀಲಿ.

"ಇದು ಬ್ಯಾರೆ ಚಿತ್ರ," ಎಂದರು.

ನಿಧಾನವಾಗಿ ಹುಲ್ಲಿನ ಹೊರೆ ಬಂತು, ಹೆಂಗಸಿನ ಮುಖ ಬಂತು. ಸರ್ ಕುರ್ಚಿಯನ್ನು ಹಿಂದೆ ಸರಿಸುತ್ತ ಗೋಡೆಗೆ ತಾಗಿಸಿದರು. "ನಿನ್ನ ಈ ಡಬ್ಬಿ ಕೆಟ್ಟದ ತಮ್ಮಾ."

ಟ್ಯೂಬ್‌ಲೈಟ್ ಆರಿಸಿದೆ, ಬಾಗಿಲ ಪರದೆ ಎಳೆದೆ, ಕಂಪ್ಯೂಟರಿನ ಗಾಜು ಒರೆಸಿದೆ. ಕಡಿಮೆ ಬಣ್ಣಕ್ಕೆ ಇಟ್ಟಿದ್ದ ಮಶೀನನ್ನು ಪೂರ್ತಿ ಬಣ್ಣಕ್ಕೆ ಹಾಕಿ ಮತ್ತೆ ಶುರು ಮಾಡಿದೆ. ಚಿತ್ರ ತೆರೆಗಿಂತ ದೊಡ್ಡದಾಗಿತ್ತು. ಆಕಾಶ ನೋಡಿದರೆ ಹೆಂಗಸಿನ ಕಾಲು ಕಾಣದು, ಕಾಲು ನೋಡಿದರೆ ಆಕಾಶ ಕಾಣದು. ತೆರೆಯ ಅಳತೆ ಬದಲಿಸಿ, ತೆರೆಯ ಮೇಲ್ತುದಿಯ ಗುಂಡಿಗಳ ಸಾಲನ್ನೆಲ್ಲ ಮುಚ್ಚಿ, ಇಡೀ ಚಿತ್ರ ಒಂದೇ ನೋಟಕ್ಕೆ ನಿಲ್ಲುವಂತೆ ಮಾಡಿದೆ. ನಾನು ಸುಧಾರಿಸಿದಷ್ಟೂ ಆಕಾಶ ನೀಲಿಯಾಗುತ್ತ ಹೋಯಿತು. ಉಳಿದ ಮೂರು ಮಶೀನುಗಳಲ್ಲೂ ತೆರೆಸಿ ನೋಡಿದರು. ಕೊನೆಗೆ ಎದ್ದು ಹೋದರು.

ಮುಂದಿನ ವಾರ ಮತ್ತೆ ಬಂದರು. ಈ ಸಲ ಬಗಲಲ್ಲಿ ಹಳೆಯ ಚಾದರ ಸುತ್ತಿದ ಆ ಚಿತ್ರ. ನಿವೃತ್ತಿಯ ದಿನ ಶಾಲೆಯವರು ಅದನ್ನೇ ಕೊಟ್ಟು ಕಳಿಸಿದ್ದರು.

"ಬಾಜೂಕ ಇಟ್ಟು ತಾಳೆ ನೋಡೂಣು. ಖರೆ ಯಾವ್ದು, ಖೋಟಾ ಯಾವ್ದು ತಿಳೀತದ."

ತೆರೆಯ ಪಕ್ಕ ಹಿಡಿದರೆ ಚೌಕಟ್ಟಿನ ಗಾಜು ಹೊಳೆಯುತ್ತಿತ್ತು. "ಥಾಂಬ, ತಡಿ," ಎಂದು ತಾವೇ ಹಿಂದಿನ ಮೊಳೆಗಳನ್ನು ಕಿತ್ತು ಕಾಗದ ಹೊರತೆಗೆದರು. ಬಾಗಿಲ ಬೆಳಕಿಗೆ ಹಿಡಿದರು. ನಾಲ್ಕೂ ಅಂಚಿನಲ್ಲಿ ಚೌಕಟ್ಟಿನ ಕಟ್ಟಿಗೆ ಮುಚ್ಚಿದ್ದಷ್ಟು ಜಾಗ ಹೊಸದಾಗಿತ್ತು. ಅಲ್ಲಿ ಆಕಾಶ ನೀಲಿ. ಉಳಿದದ್ದನ್ನು ಕಿಟಕಿಯ ಬಿಸಿಲು ವರ್ಷಗಟ್ಟಲೆ ಹಳದಿ ಮಾಡಿ, ನೀಲಿಯನ್ನು ಹಸಿರು ಮಾಡಿತ್ತು.

"ಸರ್, ಬೇಕಾದ್ರ ಇಲ್ಲಿ ಬಣ್ಣಾ ಬದಲಿಸಿ ಹಸರ ಮಾಡಿ ತೋರಸ್ತೀನ್ರಿ," ಎಂದೆ.

"ಬ್ಯಾಡೋ. ಇದ್ದದ್ದ ಇರ್ಲಿ." ಬಹಳ ಹೊತ್ತು ತೆರೆಯನ್ನೇ ನೋಡಿದರು. "ಚೊಲೋ ಬಳದಾನ. ನೀಲಿನೂ ಚೊಲೋ ಬಳದಾನ."

ಅಂಗಡಿ ಮುಚ್ಚಿ ಅವರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಅಕ್ಕಲಕೋಟದ ಬಸ್ಸು ತಡವಾಗಿತ್ತು. ಹತ್ತಿ ಕೂತ ಮೇಲೆ ಕಿಟಕಿಯಿಂದ ಬಗ್ಗಿ ಹೇಳಿದರು:

"ನಾ ಎಷ್ಟು ಹುಡುಗೂರಿಗಿ ಕಲಿಸೀನೋ, ಎಲ್ಲೆಲ್ಲಿ ಹೋಗ್ಯಾರೋ. ನಿನಗ ಯಾರರ ಸಿಕ್ಕರ ಹೇಳಿಬಿಡು ತಮ್ಮಾ. ಅದು ನೀಲಿ ಇತ್ತಂತ, ಸರ್ ತಾವ ನೋಡ್ಯಾರಂತ."

"ಹೇಳ್ತೀನ್ರಿ ಸರ್."

ಆ ಬೇಸಿಗೆಯಲ್ಲೇ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಳೆಗಾಲ ಕಳೆದ ಮೇಲೆ ಮಂಗಳವೇಢೆಯ ಸ್ಟ್ಯಾಂಡಿನಲ್ಲಿ ನಮ್ಮ ತರಗತಿಯ ಮಹಾದೇವ ಸಿಕ್ಕ. ಈಗ ಅವನೂ ಚಿತ್ರಕಲೆಯ ಮಾಸ್ತರ. ಚಹಾ ಕುಡಿಯುತ್ತ ಸರ್ ಬಗ್ಗೆ ಮಾತಾಡಿ ಇಬ್ಬರೂ ಕಣ್ಣು ಒರೆಸಿಕೊಂಡೆವು. ಆಮೇಲೆ ಅವನು ಕೇಳಿದ:

"ನೀ ಇಂಟರ್ನೆಟ್ ಇಟ್ಟೀಯಂತ. ಸರ್ ತೋರಸ್ತಿದ್ದ ಆ ಹಸರ ಆಕಾಶದ ಚಿತ್ರ ಅದರಾಗ ಸಿಗ್ತದೇನೋ?"

"ಎಲ್ಲೀದೋ ಮಾರಾಯಾ," ಎಂದೆ. "ಲೈನೇ ಹತ್ತಂಗಿಲ್ಲ."