ಯಾರ ಪೈಕಿ ರೀ ನೀವು?

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಕೆಲಸದಿಂದ ತೆಗೆದ ದಿನ ಒಂದು ಮಾತೂ ಆಡದೆ ಮನೆಗೆ ಬಂದೆ. ಹಾಗೆ ಸುಮ್ಮನಿದ್ದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಕೋಪವಿದೆ.

ಟಿಕೋಟಾ ರಸ್ತೆಯ ಒಂದು ಒಣದ್ರಾಕ್ಷಿ ಕಾರ್ಖಾನೆಯಲ್ಲಿ ಹದಿನೈದು ವರ್ಷ ದುಡಿದವಳು ನಾನು. ಮೊದಲ ಐದು ವರ್ಷ ದಿನಗೂಲಿಗೆ ಆರಿಸುವ ಮೇಜಿನ ಮುಂದೆ ಕೂತು ಕಡ್ಡಿ, ಕಲ್ಲು, ಕೆಟ್ಟ ಕಾಳು ತೆಗೆಯುತ್ತಿದ್ದೆ. ಆಮೇಲೆ ಮಾಲು ನೋಡುವ ಕುರ್ಚಿ ಸಿಕ್ಕಿತು. ಯಾವ ಪೆಟ್ಟಿಗೆ ಕೋಲ್ಡ್ ಸ್ಟೋರೇಜಿಗೆ ಹೋಗಬಹುದು, ಯಾವುದು ಇನ್ನೂ ಒಣಗಬೇಕು ಎಂದು ಹೇಳುವವಳು ನಾನೇ. ಒಂದು ಹಿಡಿ ಒಣದ್ರಾಕ್ಷಿ ತೆಗೆದುಕೊಂಡು ಗಟ್ಟಿಯಾಗಿ ಹಿಚುಕಿ ಮುಷ್ಟಿ ಬಿಚ್ಚಬೇಕು. ಒಣಗಿದ ಮಾಲು ಬಿಡಿಬಿಡಿಯಾಗಿ ಉದುರುತ್ತದೆ, ಹಸಿ ಉಳಿದದ್ದು ಉಂಡೆಯಾಗಿ ಅಂಗೈಗೆ ಅಂಟುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಪೂರ್ತಿ ಉದುರದೆ, ಪೂರ್ತಿ ಅಂಟದೆ ಇರುವ ಮಾಲು ಬರುತ್ತದಲ್ಲ, ಅದರ ಗುಟ್ಟು ತಿಳಿಯಬೇಕಾದರೆ ಕೈ ವರ್ಷಗಟ್ಟಲೆ ಪಳಗಬೇಕು.

ಅಂಥಲ್ಲಿಗೆ ಕ್ಯಾಮೆರಾ ಇರುವ ದೊಡ್ಡ ಯಂತ್ರ ಬಂತು. ಬಣ್ಣ ನೋಡಿ ತಾನೇ ವಿಂಗಡಿಸುತ್ತದಂತೆ. ನನ್ನನ್ನೂ ಸೇರಿಸಿ ಒಂಬತ್ತು ಮಂದಿಯನ್ನು ಒಟ್ಟಿಗೆ ಕರೆದು ಮ್ಯಾನೇಜರು ನೆಲ ನೋಡುತ್ತ, "ಅಕ್ಕಾರ, ನಾಳಿಂದ ಬರಬ್ಯಾಡ್ರಿ" ಅಂದರು. ಹಸಿ ಮಾಲು ಬಣ್ಣದಿಂದ ಗೊತ್ತಾಗುತ್ತದೇನ್ರಿ ಎಂದು ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಊಟದ ಡಬ್ಬಿ, ಟವೆಲ್ಲು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ನನ್ನ ಗಂಡ ಗೌಂಡಿ, ಗೋಡೆ ಕಟ್ಟುವ ಕೆಲಸದವರು. ಯಾವುದಕ್ಕೂ ತಲೆ ಕೆಡಿಸಿಕೊಳ್ಳುವ ಜಾಯಮಾನವೇ ಅಲ್ಲ ಅವರದು.

"ಹೋಗ್ಲಿ ಬಿಡ ಬೇ. ಆರ್ಸೂ ಮೇಜಿಗೆ ಹೋಗು. ಅಲ್ಲಿ ಯಾವತ್ತಿದ್ರೂ ಮಂದಿ ಬೇಕಾಗ್ತಾರ" ಅಂದರು.

"ಹತ್ತ ವರ್ಷ ನನಗ ಮೇಡಂ ಅಂದವರ ಬಾಜೂಕ ಕುಂತು ಮತ್ತ ಕಡ್ಡಿ ಆರಸ್ಲೇನು?"

"ಕಡ್ಡಿಗೇನ್ ಗೊತ್ತಾಗ್ತೈತಿ, ನೀ ಮೇಡಂ ಅಂತ?"

ಅವತ್ತು ಅವರು ತಮ್ಮ ರೊಟ್ಟಿ ತಾವೇ ಹಾಕಿಕೊಂಡು ಉಣ್ಣಬೇಕಾಯಿತು.

ಆರಿಸುವ ಮೇಜು ಕೀಳು ಕೆಲಸ ಎಂದು ನಾನು ಹೇಳುತ್ತಿಲ್ಲ. ಅಲ್ಲಿಂದಲೇ ಬಂದವಳು ನಾನು. ಆದರೆ ಹತ್ತಿ ಬಂದ ಮೆಟ್ಟಿಲನ್ನು ಯಾರೋ ಯಂತ್ರ ತಂದರೆಂದು ಇಳಿದು ಹೋಗುವುದಿಲ್ಲ, ಕೂತರೆ ನನ್ನ ಕುರ್ಚಿಯಲ್ಲೇ ಕೂರುತ್ತೇನೆ ಎಂದು ಹಟ ಹಿಡಿದೆ. ಎರಡು ತಿಂಗಳು ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದೆ.

ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹತ್ತಿರದ ಸಗಟು ಅಂಗಡಿಯವರಿಗೆ ಕಂಪ್ಯೂಟರ್ ಬರುವ, ಮೂವತ್ತರೊಳಗಿನ ಹುಡುಗಿ ಬೇಕಿತ್ತು. ಇನ್ನೊಂದು ಕಡೆ ಟೈ ಕಟ್ಟಿಕೊಂಡಿದ್ದ, ಮೀಸೆ ಈಗಷ್ಟೇ ಮೂಡಿದ್ದ ಮನುಷ್ಯ, "ಐದು ವರ್ಷದ ಮ್ಯಾಲೆ ನೀವು ಎಲ್ಲಿರ್ತೀರಿ ಅನ್ಕೊಂಡೀರಿ?" ಎಂದು ಕೇಳಿದ. "ನೀವು ಕೆಲಸಾ ಕೊಟ್ರ ಇಲ್ಲೇ ಇರ್ತೀನ್ರಿ" ಅಂದೆ. ಅವನಿಗೆ ನಗು ಬರಲಿಲ್ಲ. ಮತ್ತೊಬ್ಬರು ಅರ್ಜಿ ತಿರುವಿ ಹಾಕಿ, "ಅನುಭವ ಭಾಳ ಆತಲ್ರಿ" ಅಂದರು. ಅಯ್ಯೋ ನಿಮ್ಮ! ಅನುಭವ ಹೆಚ್ಚಾದದ್ದೂ ಒಂದು ರೋಗವೇ?

ಇವೆಲ್ಲ ಹಾಳಾಗಲಿ, ನನ್ನ ಮೈ ಉರಿಸಿದ್ದು ಬೇರೆಯೇ ಒಂದು ಪ್ರಶ್ನೆ. ನಮ್ಮ ಕಡೆ ಬಹಳ ಜನರ ಅಡ್ಡಹೆಸರು ಅಂದರೆ ಅವರ ಹಿರಿಯರು ಬಿಟ್ಟುಬಂದ ಊರಿನ ಹೆಸರು. ಆ ಊರಿನ ಗೌಡರ ಮನೆಗೂ ಅದೇ ಅಡ್ಡಹೆಸರು, ಅಂಗಡಿಯವರಿಗೂ ಅದೇ, ಕೇರಿಯ ನಮಗೂ ಅದೇ. ಕಾಗದದ ಮೇಲೆ ನೋಡಿದರೆ ಯಾರು ಯಾರೆಂದು ತಿಳಿಯುವುದಿಲ್ಲ. ಹಾಗಾಗಿ ಅರ್ಜಿ ಓದಿದವರು ಒಮ್ಮೆ ಕೆಮ್ಮಿ, "ಅಂದ್ರ ಯಾರ ಪೈಕಿ ರೀ ನೀವು?" ಎಂದು ಕೇಳುತ್ತಾರೆ. ನಾವು ಬೌದ್ಧರು. ನನ್ನ ಮಾವನವರ ಕಾಲಕ್ಕೆ ಧಮ್ಮ ಸ್ವೀಕರಿಸಿದ ಮನೆ ನಮ್ಮದು. ಅದಕ್ಕೂ ಮೊದಲು ಊರು ನಮ್ಮನ್ನು ಏನೆಂದು ಕರೆಯುತ್ತಿತ್ತೋ ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೇಳುವವರಿಗೆಲ್ಲ ಅದು ಚೆನ್ನಾಗಿ ಗೊತ್ತು. "ಬೌದ್ಧರು ರೀ" ಅಂದ ಕೂಡಲೇ, "ಹಾಂ ಹಾಂ, ಆತ್ರಿ, ಫೋನ್ ಮಾಡ್ತೀವಿ" ಅನ್ನುತ್ತಾರೆ. ಯಾರೂ ಮಾಡಲಿಲ್ಲ.

ಹೀಗಿರುವಾಗ ಬಬಲೇಶ್ವರದ ಒಬ್ಬ ವ್ಯಾಪಾರಿಯ ಕಾರ್ಖಾನೆಯಲ್ಲಿ ಮಾಲು ನೋಡುವವರು ಬೇಕೆಂದು ತಿಳಿದು, ಒಂದು ಶುಕ್ರವಾರ ಅಲ್ಲಿಗೆ ಹೋದೆ. ಮಾಲೀಕರಿಗೆ ಐವತ್ತೈದರ ಮೇಲಿರಬಹುದು. ಹೆಗಲ ಮೇಲೆ ಟವೆಲ್ಲು, ಮುಖದ ತುಂಬ ನಗು. ಅರ್ಜಿಯ ಮೇಲೆ ಕಣ್ಣಾಡಿಸಿದವರೇ ಎದ್ದು ನಿಂತರು.

"ಬರ್ರಿ ಬರ್ರಿ! ಅಡ್ಡಹೆಸರ ನೋಡಿದ ಕೂಡ್ಲೆ ತಿಳೀತು, ನಮ್ಮವರೇ ಅಂತ. ನಮ್ಮ ಅತ್ತಿಗೀ ತವರೂರ ಅದೇ ಊರು. ಕುಂದರ್ರಿ ಅಕ್ಕಾರ."

ಎರಡು ತಿಂಗಳಲ್ಲಿ ಮೊದಲ ಸಲ ಆ ಪ್ರಶ್ನೆ ಬರಲಿಲ್ಲ. ಕಾರ್ಖಾನೆಯ ಹಿಂದಿದ್ದ ತಮ್ಮ ಮನೆಯಿಂದಲೇ ಚಹಾ ತರಿಸಿದರು, ತಮ್ಮ ಕಪ್ಪಿನಂಥದೇ ಕಪ್ಪಿನಲ್ಲಿ. ಸುಳ್ಳು ಯಾಕೆ ಹೇಳಲಿ, ಬಾಯಿ ಮುಚ್ಚಿಕೊಂಡಿರು ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಕೇಳಿಲ್ಲ, ನಾನು ಹೇಳಿಲ್ಲ, ಇದರಲ್ಲಿ ತಪ್ಪೇನಿದೆ? ಕುರ್ಚಿ ಸಿಗಲಿ, ಆಮೇಲೆ ನೋಡೋಣ.

ಅಂಗಳದಲ್ಲಿ ಒಂದರ ಮೇಲೊಂದು ಒಟ್ಟಿದ ಪೆಟ್ಟಿಗೆಗಳ ಆರು ಥಪ್ಪಿ ಲಾರಿಗಾಗಿ ಕಾಯುತ್ತಿದ್ದವು. "ಹಂಗ ಒಂದ್ಸಲ ಮಣೂಕ ನೋಡ್ರಲ್ಲ" ಎಂದು ಒಣದ್ರಾಕ್ಷಿಯ ಪೆಟ್ಟಿಗೆ ತೋರಿಸಿ ಅವರು ಫೋನು ಹಿಡಿದು ನೆರಳಿಗೆ ಹೋದರು. ನಾನು ಒಂದೊಂದೇ ಥಪ್ಪಿಯಿಂದ ಹಿಡಿ ತೆಗೆದು ಹಿಚುಕುತ್ತ ಹೋದೆ. ಎಷ್ಟು ದಿನವಾಗಿತ್ತು! ಆ ಸಿಹಿ ವಾಸನೆ ಮೂಗಿಗೆ ಬಡಿದಾಗ ಕಣ್ಣಲ್ಲಿ ನೀರು ಬಂತು. ಎರಡು ಥಪ್ಪಿಯ ಮಾಲು ಮುಷ್ಟಿ ಬಿಚ್ಚಿದರೂ ಬಿಡಲಿಲ್ಲ. ಮೇಲೆ ನೋಡಿದರೆ ಬಂಗಾರದಂಥ ಬಣ್ಣ.

ವಾಪಸ್ ಬಂದು, ತಣ್ಣಗಾಗುತ್ತಿದ್ದ ಚಹಾ ಕೈಗೆತ್ತಿಕೊಂಡು ಹೇಳಿದೆ: "ಸಾಹೇಬ್ರ, ಆರರಾಗ ಎರಡು ಥಪ್ಪಿ ಹಸಿ ಅದಾವ್ರಿ. ಲೋಡ್ ಮಾಡಿದ್ರ ದಾರ್ಯಾಗ ಬೂಜ ಹಿಡೀತಾವ."

ಅವರು ಹಣೆ ಬಡಿದುಕೊಂಡರು. "ಹೋದ ತಿಂಗಳ ಹಿಂಗ ಒಂದ ಲಾರಿ ಪೂರಾ ವಾಪಸ್ ಬಂತ್ ನೋಡ್ರಿ! ಬಣ್ಣಾ ನೋಡಿ ಮೋಸ ಹೋದ್ವಿ. ಅಕ್ಕಾರ, ಸೋಮವಾರ ಬಂದ್ಬಿಡ್ರಿ. ಕುರ್ಚಿ ನಿಮ್ಮದು. ಇಂಥಾ ಕೆಲಸಕ್ಕ ನಮ್ಮವರೇ ಒಬ್ರು ಬೇಕಾಗಿತ್ತು." ಆ ಸಂತೋಷದಲ್ಲೇ ಕೇಳಿದರು: "ಹೌದು, ಊರಾಗ ನಿಮ್ಮದು ಯಾವ ಓಣಿ? ಯಾರ ಪೈಕಿ ಅಂತ ಹೇಳಿದ್ರ ನಮ್ಮ ಅತ್ತಿಗೀಗೆ ಗುರ್ತ ಸಿಗ್ತೈತಿ."

ಯಾವುದಾದರೂ ಒಂದು ಓಣಿಯ ಹೆಸರು ಸಾಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸೋಮವಾರ ಒಂದು ಸುಳ್ಳು, ಮಂಗಳವಾರ ಇನ್ನೊಂದು, ದಿನಾ ಹೆದರಿಕೊಂಡು ಆ ಕುರ್ಚಿಯಲ್ಲಿ ಕೂರುವುದೇ? ಕೈ ನನ್ನದು, ವಿದ್ಯೆ ನನ್ನದು. ಹೆಸರು ಮಾತ್ರ ಯಾರದೋ ಎರವಲೇ? ಥೂ ಅನ್ನಿಸಿತು.

"ಓಣಿ ಅಲ್ರಿ, ಕೇರಿ. ನಾವು ಬೌದ್ಧರು."

ಅವರು ಮೊದಲು ನೋಡಿದ್ದು ನನ್ನ ಕೈಯಲ್ಲಿದ್ದ ಕಪ್ಪನ್ನು. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಒರೆಸುತ್ತಲೇ ಇದ್ದರು. ನಗು ಎತ್ತ ಹೋಯಿತೋ.

"ಹಂಗಲ್ಲ... ನನ್ನದೇನೂ ಇಲ್ಲ. ಆದ್ರ ಮಂದಿ ಇರ್ತಾರ ನೋಡು. ಕುರ್ಚಿ ಅಂದ್ರ ನಮ್ಮ ತಮ್ಮನ್ನ ಕೇಳ್ಬೇಕು. ಆರ್ಸೂ ಮೇಜಿನ್ಯಾಗ ಜಾಗಾ ಐತಿ. ಬೇಕಾದ್ರ ನಾಳಿಂದ ಬಾ."

ಒಂದು ಗುಟುಕು ಚಹಾ ಇಳಿಯುವಷ್ಟರಲ್ಲಿ 'ಬರ್ರಿ' ಹೋಗಿ 'ಬಾ' ಆಗಿತ್ತು. ಟಿಕೋಟಾದಲ್ಲಿ ಆಡದ ಮಾತು ಗಂಟಲಿಗೆ ಬಂತು. ಈ ಸಲ ನುಂಗಲಿಲ್ಲ.

"ಈಗಷ್ಟೇ ಈ ಕೈ ಚಲೋ ಇತ್ತಲ್ರಿ?" ಎಂದು ಎರಡೂ ಅಂಗೈ ಅವರ ಮುಂದೆ ಹಿಡಿದೆ. "ಅದೇ ಕೈ ಐತಿ, ನೋಡ್ರಿ. ಕುರ್ಚಿ ಕೊಟ್ರ ಬರ್ತೀನಿ. ಮೇಜಿಗೆ ಬರೂದಿಲ್ಲ."

ಅವರು ರಸ್ತೆಯ ಕಡೆ ನೋಡಿದರು. ಉಳಿದ ಚಹಾವನ್ನು ನಾನು ಅವಸರ ಮಾಡದೆ ಪೂರ್ತಿ ಕುಡಿದೆ, ಕಪ್ಪನ್ನು ಅವರ ಕಪ್ಪಿನ ಪಕ್ಕಕ್ಕೇ ಇಟ್ಟೆ, ಚೀಲ ಎತ್ತಿಕೊಂಡು ಹೊರಟೆ. ಗೇಟಿನ ಹತ್ತಿರ ಬರುವಾಗ ಲಾರಿ ಹಿಂದಕ್ಕೆ ಸರಿಯುತ್ತ ಒಳಗೆ ಬರುತ್ತಿತ್ತು. ಹಮಾಲರು ಥಪ್ಪಿಗಳ ಕಡೆ ನಡೆದರು. ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿತು. ಮಾಲೀಕರು ಏದುಸಿರು ಬಿಡುತ್ತ ಓಡಿ ಬರುತ್ತಿದ್ದರು.

"ನಿಂದರ್ರಿ ಅಕ್ಕಾರ, ನಿಂದರ್ರಿ! ಹಸಿ ಇದ್ದದ್ದು ಯಾವ ಎರಡು ಅಂತ ಹೇಳಿ ಹೋಗ್ರಿ!"

"ನಿಮ್ಮವರನ್ನ ಕೇಳ್ರಿ" ಎಂದು ಹೇಳಿ, ಬಸ್ ನಿಲ್ದಾಣದ ಕಡೆ ನಡೆದೆ.