ಕಬ್ಬಿಣದ ಕುದುರೆಯ ಚಾಳಿ

ಓಡನ್‌ವಾಲ್ಡ್ ಬೆಟ್ಟದ ಬುಡದಲ್ಲಿದ್ದ ಕಾರಿನ ಕಾರ್ಖಾನೆಯಲ್ಲಿ ಓಟ್‌ಮಾರ್ ಕ್ರೈಲಿಂಗನಿಗೆ ಒಂದೇ ಕೆಲಸ: ಹೊಸ ಕಾರನ್ನು ಕೊಂಡವರ ಕೈಗೊಪ್ಪಿಸಿ ಓಡಿಸುವ ಬಗೆ ಹೇಳಿಕೊಡುವುದು. ನಾಲ್ಕು ಚಕ್ರವೂ ತಂತಮ್ಮ ಪಾಡಿಗೆ ಏರಿಳಿಯುವ ಕಾರು ಅದು. ಅದನ್ನು ಹೊಗಳಲು ನಿಂತರೆ ಅವನಿಗೆ ಊಟದ ಪರಿವೆಯೂ ಇರುತ್ತಿರಲಿಲ್ಲ.

ಡಾಕ್ಟರ್ ಹ್ಯೂಟರ್ ಕುದುರೆಗಾಡಿ ಮಾರಿ ಆ ಕಾರು ಕೊಂಡರು. ಒಯ್ಯಲು ಬಂದವನು ಅವರ ಗಾಡಿಯಾಳು ಫೆಲ್ಟೆನ್. ಯುದ್ಧಕಾಲದಲ್ಲಿ ಲಾರಿ ಓಡಿಸಿದ್ದ. ಮಿಕ್ಕ ಆಯುಷ್ಯವೆಲ್ಲ ಲಗಾಮು ಹಿಡಿದೇ ಕಳೆದಿತ್ತು. ಹೊಸ ಕುದುರೆಯನ್ನು ಕೈಗೆ ತೆಗೆದುಕೊಳ್ಳುವವನು ಅದರ ಕೆಟ್ಟ ಚಾಳಿ ಕೇಳಬೇಕು, ಕೊಡುವವನು ಮುಚ್ಚಿಡದೆ ಹೇಳಬೇಕು. ಗಾಡಿಯವರ ನಡುವೆ ಅದೇ ರೂಢಿ. ಫೆಲ್ಟೆನ್ ಟೋಪಿ ತೆಗೆದು, ಕಾರಿನ ಸುತ್ತ ಒಮ್ಮೆ ಬಂದು ಕೇಳಿದ: "ಇದಕ್ಕೇನಪ್ಪಾ ಕೆಟ್ಟ ಚಾಳಿ?"

ಅಂಗಳದಲ್ಲಿದ್ದವರೆಲ್ಲ ಗೊಳ್ಳೆಂದರು.

"ಒದೆಯಲ್ಲ, ಕಚ್ಚಲ್ಲ, ಲದ್ದಿನೂ ಹಾಕಲ್ಲ ಫೆಲ್ಟೆನ್ ಮಾವ! ಕಬ್ಬಿಣಕ್ಕೆ ಎಲ್ಲಿಂದ ಬರುತ್ತೆ ಚಾಳಿ?" ಎಂದ ಓಟ್‌ಮಾರ್.

ಆ ನಗುವಿನ ಭರದಲ್ಲಿ ಹೇಳಲೇಬೇಕಾದ ಒಂದು ಮಾತು ಓಟ್‌ಮಾರನಿಗೆ ಮರೆತೇಹೋಯಿತು. ಪೆಟ್ರೋಲ್ ಉಳಿಸಲೆಂದು ಸ್ಟೀರಿಂಗಿನ ಪಕ್ಕದಲ್ಲಿ ಎಳೆದು ತಳ್ಳುವ ಒಂದು ಗುಬುಟಿತ್ತು. ಅದನ್ನು ಹೊರಗೆಳೆದಿದ್ದರೆ, ಪೆಟ್ರೋಲ್ ಪೆಡಲಿನಿಂದ ಕಾಲು ತೆಗೆದೊಡನೆ ಎಂಜಿನ್ನಿನ ಹಿಡಿತ ತಪ್ಪಿ ಕಾರು ತಾನಾಗಿ ಜಾರುತ್ತದೆ. ಇಳಿಜಾರಿನಲ್ಲಿ ಅದನ್ನು ಒಳಗೆ ತಳ್ಳಲೇಬೇಕು. ಕಾರು ಕೈಗೊಪ್ಪಿಸಿದಾಗ ಅದು ಹೊರಗೇ ಇತ್ತು.

ಅದೇ ವಾರ ಡಾಕ್ಟರನ್ನು ಕೂರಿಸಿಕೊಂಡು ಬೆಟ್ಟ ಇಳಿಯುವಾಗ ಫೆಲ್ಟೆನ್ ಲಾರಿಯಲ್ಲಿ ಮಾಡುತ್ತಿದ್ದಂತೆ, ಎಂಜಿನ್ನೇ ತಡೆದೀತೆಂದು ಕಾಲು ತೆಗೆದ. ಕಾರು ನಿಧಾನವಾಗುವ ಬದಲು ಓಟ ಕಿತ್ತಿತು. ಬ್ರೇಕು ಕಾದು ಹೊಗೆಯಾಡಿತು. "ಬ್ರ್ರ್! ಬ್ರ್ರ್!" ಎಂದು ಮುದುಕ ಕುದುರೆ ನಿಲ್ಲಿಸಲು ಕೂಗುವಂತೆ ಕೂಗಿದ. ಪ್ಲಮ್ ತೋಟದ ಬೇಲಿ ಮುರಿದು ಕಾರು ಮರಕ್ಕೆ ಗುದ್ದಿತು. ಡಾಕ್ಟರ ಬಲಗೈ ಮುರಿಯಿತು.

ನಜ್ಜುಗುಜ್ಜಾದ ಕಾರು ಕಾರ್ಖಾನೆಗೆ ಬಂದಾಗ ಗುಬುಟು ಇನ್ನೂ ಹೊರಗೇ ಇತ್ತು. ಓಟ್‌ಮಾರ್ ಅತ್ತಿತ್ತ ನೋಡಿ ಒಳಗೆ ತಳ್ಳಿಬಿಟ್ಟ.

ಸಂಜೆ ಹೋಟೆಲಿನಲ್ಲಿ ಸೇಬಿನ ವೈನಿನ ಜೊತೆ ಎಲ್ಲರಿಗೂ ಅದೇ ನೆಂಚಿಕೆ. "ಬ್ರ್ರ್ ಮಾವ ಕಾರಿಗೆ ಹುಲ್ಲು ಹಾಕೋದು ಮರೆತಿದ್ನಂತೆ!" ನಗದಿದ್ದರೆ ಅನುಮಾನ ಬಂದೀತೆಂದು ಓಟ್‌ಮಾರನೂ ನಕ್ಕ.

"ಫೆಲ್ಟೆನ್ನನ್ನ ಕೆಲಸದಿಂದ ಬಿಡಿಸ್ತಾರಂತೆ ಪಾಪ," ಎಂದಳು ಹೋಟೆಲಿನ ಒಡತಿ. "ಅವನಿರೋ ಲಾಯದ ಮೇಲಿನ ಕೋಣೇನೂ ಹೋಗುತ್ತೆ. ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತಾನೆ?"

ಮಾರನೆಯ ಬೆಳಿಗ್ಗೆ ಓಟ್‌ಮಾರ್ ಡಾಕ್ಟರ ಮುಂದೆ ನಿಂತ. ಗುಬುಟಿನ ಮಾತು ಹೇಳಿದ. ಒಳಗೆ ತಳ್ಳಿದ್ದನ್ನೂ ಹೇಳಿದ.

"ನಿಮ್ಮ ಮಾಲೀಕರಿಗೂ ಇದನ್ನೇ ಹೇಳ್ತೀರಾ?" ಡಾಕ್ಟರು ಕೇಳಿದರು.

"ಹೇಳಿಯೇ ಬಂದೆ, ಸ್ವಾಮಿ."

ಫೆಲ್ಟೆನ್ ಉಳಿದ. ಓಟ್‌ಮಾರನನ್ನು ಕಾರು ತೊಳೆಯುವ ಕೊಟ್ಟಿಗೆಗೆ ಹಾಕಿದರು. ಕ್ಷಮೆ ಕೇಳಲು ಹೋದರೆ ಮುದುಕ ಮುಖ ತಿರುಗಿಸಿದ: "ಕೇಳಿದ್ದೆ ನಾನು. ನೀನು ನಕ್ಕೆ."

ಆದರೆ ರಿಪೇರಿಯಾದ ಕಾರು ಒಯ್ಯಲು ಬಂದ ದಿನ ಫೆಲ್ಟೆನ್ ಓಟ್‌ಮಾರನ ಜಾಗಕ್ಕೆ ಬಂದಿದ್ದ ಹೊಸ ಮನುಷ್ಯನ ಕೈಯಿಂದ ಕೀಲಿ ತೆಗೆದುಕೊಳ್ಳಲಿಲ್ಲ. ನೆಟ್ಟಗೆ ಕೊಟ್ಟಿಗೆಗೆ ಬಂದ. ಟೋಪಿ ತೆಗೆದ.

"ಇದಕ್ಕೇನು ಕೆಟ್ಟ ಚಾಳಿ?"

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಓಟ್‌ಮಾರ್ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಕಾರಿನ ಬಳಿ ಹೋಗಿ ಬಾಗಿಲು ತೆರೆದು ಗುಬುಟನ್ನು ತೋರಿಸಿದ. "ಮೊದಲನೇದು ಇದು, ಮಾವ," ಎಂದ. ಆಮೇಲೆ ತಾನು ಇಷ್ಟು ದಿನ ಬರೀ ಹೊಗಳಿದ್ದ ಆ ಕಾರಿನ ಒಂದೊಂದೇ ಕೆಟ್ಟ ಚಾಳಿಯನ್ನು, ಎಲ್ಲರಿಗೂ ಕೇಳುವಂತೆ, ಹೇಳತೊಡಗಿದ.