ಸಾಕಿದ ಮುತ್ತು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಮೆಣಸಿನಕಾಯಿ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ ಬಿಡಿ, ಅಷ್ಟು ಧೈರ್ಯ ಯಾರಿಗಿದೆ! ಅಪ್ಪನ ಮುತ್ತಿನಂಗಡಿಯ ಕಿಟಕಿ ಪಕ್ಕ ಕೂತು ಹಾರ ಪೋಣಿಸುವುದು ಅವಳ ಕೆಲಸ. ಒಂದೊಂದು ಮುತ್ತಿಗೂ ಒಂದೊಂದು ಗಂಟು; ದಾರ ಕಿತ್ತರೂ ಹಾರವೆಲ್ಲ ಚೆಲ್ಲಬಾರದು. ಇಷ್ಟು ತಾಳ್ಮೆ ಬೇಡುವ ಕೆಲಸ ಇಷ್ಟು ಸಿಟ್ಟಿನವಳ ಕೈಯಲ್ಲಿ ಹೇಗೆ ನಡೆಯುತ್ತದೋ ಎಂದು ಗಿರಾಕಿಗಳಿಗೆ ಸೋಜಿಗ.

ಸಿಟ್ಟಿಗೆ ಕಾರಣವಿತ್ತು. ತಾನಾಗಿ ಹುಟ್ಟಿದ್ದು ಅಸಲಿ ಮುತ್ತು, ಮನುಷ್ಯರು ಬೆಳೆಸಿದ್ದು ‘ಸಾಕಿದ ಮುತ್ತು’: ಅಂಗಡಿಯಲ್ಲಿ ಹೀಗೇ ಮಾತು. ಗಿರಾಕಿ ಬಂದರಾಯಿತು, ಅಪ್ಪ ಮುತ್ತಿನ ತೂತಿಗೆ ದೀಪ ಹಿಡಿದು, ಭೂತಗನ್ನಡಿ ಕೊಟ್ಟು ಶುರು ಮಾಡುತ್ತಿದ್ದ: “ಅಸಲಿದು ನೋಡಿ, ಈರುಳ್ಳಿ ಥರ ನಡುವಿನ ತನಕ ಪದರದ ಮೇಲೆ ಪದರ. ಸಾಕಿದ್ದರಲ್ಲಿ ಕಪ್ಪು ಗೆರೆ ಕಾಣ್ತಾ? ಗೆರೆಯಿಂದ ಒಳಗೆ ಯಾವುದೋ ಚಿಪ್ಪು ಕೊರೆದು ಇಟ್ಟ ಗುಂಡು. ಮೇಲಿನ ಪದರ ಮಾತ್ರ ಮುತ್ತು. ಹೊರಗೆ ನಮ್ಮದು, ಒಳಗೆ ಯಾರದ್ದೋ!” ಗಿರಾಕಿ ನಗುತ್ತಿದ್ದ, ಅಪ್ಪನೂ ನಗುತ್ತಿದ್ದ. ಕೂಸಾಗಿದ್ದಾಗ ಅನಾಥಾಲಯದಿಂದ ತಂದು ಸಾಕಿದ ಮಗಳು ಪಕ್ಕದಲ್ಲೇ ಕೂತಿದ್ದಾಳೆ ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯುತ್ತಲೇ ಇರಲಿಲ್ಲ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಸೋದರತ್ತೆ ಬಂದಳು, ಅಪ್ಪನ ಅಕ್ಕ. ಅಮ್ಮ ತೀರಿಕೊಂಡಾಗ “ಜೋಪಾನವಾಗಿ ಇಟ್ಟಿರ್ತೀನಿ” ಎಂದು ಒಯ್ದಿದ್ದ ಅಮ್ಮನ ಮುತ್ತಿನ ಹಾರವನ್ನು ಮೇಜಿನ ಮೇಲಿಟ್ಟಳು.

“ದಾರ ಹಳೇದಾಗಿದೆ ಕಣೇ. ಹೊಸದು ಹಾಕ್ಕೊಡು, ನನ್ನ ಮಗಳ ಮದುವೆಗೆ ಬೇಕು.”

ನಾಚಿಕೆ ಅನ್ನುವುದು ಬೇಡವೇ! ಹಾರ ಅಮ್ಮನದು, ಪೋಣಿಸಬೇಕಾದವಳು ಮಗಳು, ಹಾಕಿಕೊಂಡು ಮೆರೆಯುವವಳು ಇನ್ನೊಬ್ಬಳು.

“ಇದು ನನ್ನಮ್ಮಂದು ಅತ್ತೆ,” ಎಂದಳು ಹಲ್ಲು ಕಚ್ಚಿ.

“ಅಸಲಿ ಮುತ್ತು ಕಣಮ್ಮ, ಮನೆತನದ್ದು. ರಕ್ತಸಂಬಂಧದೋರಿಗೇ ಸೇರಬೇಕು. ಸಾಕಿದ್ದು ಹೊರಗೆ ನಮ್ಮದು, ಒಳಗೆ ಯಾರದ್ದೋ. ನಿಮ್ಮಪ್ಪನೇ ಹೇಳ್ತಾನಲ್ಲ?”

ಅವಳು ಅಪ್ಪನ ಕಡೆ ನೋಡಿದಳು. ಊರಿಗೆಲ್ಲ ಬಾಯಿ ಮಾಡುವ ಅಪ್ಪ ತಲೆ ತಗ್ಗಿಸಿಕೊಂಡು ತಕ್ಕಡಿ ಒರೆಸುತ್ತಿದ್ದ. ಅಕ್ಕನ ಮುಂದೆ ಅವನು ಯಾವತ್ತೂ ಬಾಯಿ ಬಿಟ್ಟವನಲ್ಲ.

ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

“ಅತ್ತೆ ಮೇಲೆ ನನಗೆ ಸಿಟ್ಟಿಲ್ಲಪ್ಪ. ಅವರಿಗೆ ಆ ಮಾತು ಕಲಿಸಿದ್ದು ನೀನು! ಆ ಗುಂಡು ತಾನಾಗಿ ಹೋಗಿ ಚಿಪ್ಪಿನೊಳಗೆ ಕೂತ್ಕೊಳ್ತಾ? ಯಾರೋ ತಂದು ಇಟ್ರು. ನಾನಾಗಿ ಬಂದೆನಾ ನಿನ್ನ ಮನೆಗೆ? ನೀವೇ ತಾನೇ ಎತ್ಕೊಂಡು ಬಂದಿದ್ದು? ಹಾರ ಬೇಕಾದ್ರೆ ಹಾಳಾಗಿ ಹೋಗ್ಲಿ. ನಾನು ಯಾರು ಅಂತ ಈಗ ಹೇಳು. ಹೇಳ್ದಿದ್ರೆ ಈ ಸೂಜಿ ಇಲ್ಲೇ ಇಟ್ಟು ಹೋಗ್ತೀನಿ, ಮತ್ತೆ ಈ ಮೆಟ್ಟಿಲು ಹತ್ತಲ್ಲ.”

“ಅಯ್ಯಯ್ಯೋ, ಏನು ಬಾಯಿ ಇವಳದು!” ಎನ್ನುತ್ತ ಅತ್ತೆ ಹಾರಕ್ಕೆ ಕೈ ಚಾಚಿದಳು. ಆ ಕೈ ಮೇಲೆ ಅಪ್ಪನ ಕೈ ಬಿತ್ತು.

“ಬಿಡು ಅಕ್ಕ,” ಎಂದ. “ಅದು ಇವಳಮ್ಮಂದು. ಇವಳು ನನ್ನ ಮಗಳು.”

‘ಸಾಕಿದ’ ಎಂಬ ಮಾತು ಅದರ ಹಿಂದೆ ಮುಂದೆ ಎಲ್ಲೂ ಇರಲಿಲ್ಲ. ಅತ್ತೆ ಚೀಲ ಎತ್ತಿಕೊಂಡು, ಗೊಣಗುತ್ತ ಮೆಟ್ಟಿಲಿಳಿದು ಹೋದಳು.

ಅಪ್ಪ ಬಿದ್ದ ಕುರ್ಚಿಯನ್ನು ಎತ್ತಿ, ಕೂತ್ಕೋ ಎನ್ನುವಂತೆ ಹಿಡಿದು ನಿಂತ. ಅವಳು ಕೂರಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು, ಸಿಟ್ಟು ಮಾತ್ರ ಒಂದು ಚೂರೂ ಇಳಿದಿರಲಿಲ್ಲ.

“ಇಷ್ಟು ಹೇಳೋಕೆ ಅಮ್ಮ ಸಾಯ್ಬೇಕಿತ್ತಾ ಅಪ್ಪ? ಅವಳ ಕಿವಿಗೆ ಬೀಳೋ ಹಾಗೆ ಒಂದೇ ಒಂದು ಸಲ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”